ಗಾಡಿ ಲೋ ಮಾಡಿಸಿದ ಮೇಲೆ ಟಾಯರ್ ಒಳಮಗ್ಗುಲು ಯಾಕೆ ಸವೆಯುತ್ತದೆ? ಲೋವರಿಂಗ್, ಅಲೈನ್‌ಮೆಂಟ್, ರಿಮ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಮಷಿನ್ ಮೇಲೆ ಕೆಲಸ. ದಿನವಿಡೀ ವರ್ನಿಯರ್ ಹಿಡಿದು ಅಳೆಯುವವನು ನಾನು. ಆದರೆ ನನ್ನ ಸ್ವಿಫ್ಟ್ ಕಾರನ್ನು ಇಳಿಸುವಾಗ, ಅಂದರೆ ಸ್ಪ್ರಿಂಗ್ ಗಿಡ್ಡ ಮಾಡಿ ನೆಲಕ್ಕೆ ಹತ್ತಿರ ತರುವಾಗ, ಮಾತ್ರ ಏನನ್ನೂ ಅಳೆಯಲಿಲ್ಲ. ಎರಡು ಹೊಸ ಟಾಯರ್ ಹೋದ ಮೇಲೆ ಬುದ್ಧಿ ಬಂತು. ಈಗ ಗೆಳೆಯರು, ಅವರ ತಮ್ಮಂದಿರು ಎಲ್ಲರೂ ಅವೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಪ್ರತಿ ಸಲ ಹೇಳುವುದಕ್ಕಿಂತ ಒಮ್ಮೆ ಬರೆದಿಟ್ಟರೆ ಆಯಿತು ಅಂತ ಕೂತೆ.

ಗಾಡಿ ಎಷ್ಟು ಇಳಿಸಬಹುದು?

ನಮ್ಮ ರಸ್ತೆಗೆ ನನ್ನ ಲೆಕ್ಕ 25ರಿಂದ 30 ಮಿ.ಮೀ. ಅಷ್ಟೇ. ಅಂಗಡಿಯಲ್ಲಿ ಸಿಗುವ ಲೋವರಿಂಗ್ ಸ್ಪ್ರಿಂಗ್‌ಗಳಲ್ಲಿ ಹೆಚ್ಚಿನವು 25ರಿಂದ 40 ಮಿ.ಮೀ. ಇಳಿಸುತ್ತವೆ.

ಯಾಕೆ ಅಷ್ಟೇ ಅಂತ ಕೇಳಿದರೆ, ಹಂಪ್ ನೋಡಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಹಾಗೆ ನಿಧಾನಕ್ಕೆ ಏರಿ ಇಳಿಯುವ ಹಂಪ್ ಆದರೆ ಇಳಿಸಿದ ಗಾಡಿಯೂ ದಾಟುತ್ತದೆ. ಆದರೆ ನಮ್ಮ ಓಣಿಯಲ್ಲಿ ಮನೆಯವರೇ ಸಿಮೆಂಟ್ ಸುರಿದು ಕಟ್ಟಿದ ಹಂಪ್‌ಗೆ ಅಗಲ ಎಲ್ಲಿದೆ? ಕಟ್ಟೆ ಕಟ್ಟಿದ ಹಾಗೆ ಇರುತ್ತದೆ. ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಅದರಲ್ಲಿ 40 ಕಳೆದರೆ ಉಳಿದದ್ದು 123. ಮನೆಮಂದಿ ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಅಕ್ಕಿ ಚೀಲ ಹಾಕಿದರೆ ಇನ್ನೂ ಕೆಳಗೆ. ಆಮೇಲೆ ತಳದಲ್ಲಿ ಗರ್ರ್ ಅನ್ನುವ ಸದ್ದು ಬಂದಾಗ ಹಿಂದಿನ ಸೀಟಿನಿಂದ ಅಮ್ಮ ಏನಂತಾರೆ ಅನ್ನೋದು ನಿಮಗೇ ಗೊತ್ತು.

ಸ್ಟೇರಿಂಗ್ ಮುಟ್ಟೇ ಇಲ್ಲ, ಬರೀ ಸ್ಪ್ರಿಂಗ್ ಬದಲಿಸಿದ್ದು. ಅಲೈನ್‌ಮೆಂಟ್ ಯಾಕೆ ಕೆಡಬೇಕು?

ಅಲೈನ್‌ಮೆಂಟ್ ಅಂದರೆ ಗಾಲಿಗಳು ಯಾವ ಕೋನದಲ್ಲಿ ನಿಂತಿವೆ ಅನ್ನೋ ಹೊಂದಿಕೆ. ಅದು ಯಾಕೆ ಕೆಡುತ್ತದೆ ಅಂತ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಮುಂದಿನ ಗಾಲಿಯ ಹತ್ತಿರ ಕೂತು ಒಳಗೆ ಇಣುಕಿ. ಕೆಳಗೆ ಒಂದು ಲೋವರ್ ಆರ್ಮ್ ಕಾಣುತ್ತದೆ. ಅದರ ಒಂದು ತುದಿ ಗಾಡಿಯ ತಳಕ್ಕೆ, ಇನ್ನೊಂದು ಗಾಲಿಯ ಬುಡಕ್ಕೆ. ಗಾಲಿ ಮೇಲೆ ಕೆಳಗೆ ಹೋದಾಗ ಈ ಆರ್ಮ್ ಬಾಗಿಲು ತೆರೆದ ಹಾಗೆ ಕಮಾನಿನಲ್ಲಿ ತಿರುಗುತ್ತದೆ, ನೆಟ್ಟಗೆ ಮೇಲೇರುವುದಿಲ್ಲ. ಕಂಪನಿಯಿಂದ ಬಂದಾಗ ಅದು ಗಾಲಿಯ ಕಡೆ ಸ್ವಲ್ಪ ಇಳಿಜಾರಾಗಿರುತ್ತದೆ. ಗಾಡಿ ಇಳಿಸಿದರೆ ಅದು ಮಟ್ಟಸಕ್ಕೆ ಬರುತ್ತದೆ. ಮಟ್ಟಸ ಆಗುತ್ತಾ ಹೋದ ಹಾಗೆ ಹೊರತುದಿ ಇನ್ನಷ್ಟು ಹೊರಗೆ ಸರಿಯುತ್ತದೆ. ಅಂದರೆ ಗಾಲಿಯ ಬುಡ ಹೊರಗೆ, ತಲೆ ಒಳಗೆ. ಇದೇ ನೆಗೆಟಿವ್ ಕ್ಯಾಂಬರ್.

ಇನ್ನೊಂದು ಕಡ್ಡಿ ಇದೆ, ಟೈ ರಾಡ್. ಸ್ಟೇರಿಂಗ್ ತಿರುಗಿಸಿದಾಗ ಗಾಲಿಯನ್ನು ದೂಡುವುದು, ಎಳೆಯುವುದು ಅದೇ. ಅದಕ್ಕೂ ಅದರದೇ ಕಮಾನು. ಆರ್ಮ್‌ನ ಕಮಾನು, ಟೈ ರಾಡ್‌ನ ಕಮಾನು ಎರಡೂ ಪೂರ್ತಿ ಹೊಂದುವುದಿಲ್ಲ. ಎತ್ತರ ಬದಲಾದ ಕೂಡಲೇ ಟೈ ರಾಡ್ ಗಾಲಿಯನ್ನು ಸ್ವಲ್ಪ ತಿರುಗಿಸಿಬಿಡುತ್ತದೆ. ನೀವು ಸ್ಟೇರಿಂಗ್ ಮುಟ್ಟಿಲ್ಲ, ನಿಜ. ಎತ್ತರ ಮುಟ್ಟಿದಿರಿ ಅಲ್ವಾ? ಅಷ್ಟು ಸಾಕು.

ಅದೂ ಅಲ್ಲದೆ, ಸ್ಪ್ರಿಂಗ್ ತೆಗೆಯಲು ಶಾಕ್ ಅಬ್ಸಾರ್ಬರ್ ಕೆಳಗಿನ ಎರಡು ಬೋಲ್ಟ್ ಬಿಚ್ಚಲೇಬೇಕು. ಅಲ್ಲಿ ಬೋಲ್ಟ್‌ಗೂ ತೂತಿಗೂ ಸ್ವಲ್ಪ ಸಂದು ಇರುತ್ತದೆ. ಮತ್ತೆ ಬಿಗಿಮಾಡುವಾಗ ಎತ್ತ ಸರಿದು ಕೂತಿತೋ ಅದೇ ಹೊಸ ಕ್ಯಾಂಬರ್.

ಕ್ಯಾಂಬರ್, ಟೋ, ಕ್ಯಾಸ್ಟರ್ ಅಂದ್ರೆ ಏನು? ಸರಳವಾಗಿ ಹೇಳಿ.

ಕಬ್ಬಿನ ಸೀಸನ್‌ನಲ್ಲಿ ವಿಪರೀತ ಹೇರಿದ ಟ್ರೇಲರ್ ಹಿಂದೆ ನಿಂತು ನೋಡಿ. ಎಕ್ಸೆಲ್ ಬಾಗಿ ಎರಡೂ ಗಾಲಿಯ ತಲೆ ಒಳಕ್ಕೆ ವಾಲಿರುತ್ತದೆ. ಅದು ಕ್ಯಾಂಬರ್. ನಿಮ್ಮ ಎರಡೂ ಪಾದದ ಹೆಬ್ಬೆರಳು ಒಳಮುಖ ಮಾಡಿ ನಿಂತರೆ ಟೋ ಇನ್, ಹೊರಮುಖ ಮಾಡಿದರೆ ಟೋ ಔಟ್. ಕ್ಯಾಸ್ಟರ್ ಅಂದರೆ ಗಾಲಿ ತಿರುಗುವ ಅಕ್ಷ ಎಷ್ಟು ಹಿಂದಕ್ಕೆ ವಾಲಿದೆ ಅನ್ನೋದು. ಸೈಕಲ್‌ನ ಮುಂದಿನ ಫೋರ್ಕ್ ನೆನಪಿಸಿಕೊಳ್ಳಿ. ಗಾಡಿ ಇಳಿಸಿದಾಗ ಕ್ಯಾಸ್ಟರ್ ಅಷ್ಟೇನೂ ಬದಲಾಗುವುದಿಲ್ಲ, ಅದನ್ನು ಸದ್ಯ ಮರೆಯಿರಿ.

ಟಾಯರ್ ತಿನ್ನೋದು ಕ್ಯಾಂಬರ್ ತಾನೆ?

ಎಲ್ಲರೂ ಹಾಗೇ ಅಂದುಕೊಂಡಿದ್ದಾರೆ. ನಾನೂ ಅಂದುಕೊಂಡಿದ್ದೆ. ನಿಜವಾದ ಕಳ್ಳ ಟೋ.

ಲೆಕ್ಕ ನೋಡಿ. ಎರಡೂ ಮುಂದಿನ ಗಾಲಿ ಸೇರಿ ಟೋ 4 ಮಿ.ಮೀ. ತಪ್ಪಿದೆ, ಅಂದರೆ ಗಾಲಿಗಳ ಮುಂಭಾಗದ ದೂರಕ್ಕೂ ಹಿಂಭಾಗದ ದೂರಕ್ಕೂ ಅಷ್ಟು ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. ಒಂದು ಗಾಲಿಗೆ 2 ಮಿ.ಮೀ. ಟಾಯರ್ ವ್ಯಾಸ ಸುಮಾರು 620 ಮಿ.ಮೀ. ಹಾಗಾದರೆ ಗಾಡಿ ಒಂದು ಕಿಲೋಮೀಟರ್ ಓಡಿದಾಗ ಆ ಟಾಯರ್ ಲೆಕ್ಕಕ್ಕೆ 3 ಮೀಟರ್‌ಗಿಂತ ಜಾಸ್ತಿ ಅಡ್ಡಕ್ಕೆ ಎಳೆಸಿಕೊಳ್ಳುತ್ತದೆ. 10,000 ಕಿ.ಮೀ. ಆದಾಗ 32 ಕಿ.ಮೀ. ಬೆಳಗಾವಿಯಿಂದ ಖಾನಾಪುರ ದಾಟಿ ಮುಂದಕ್ಕೆ ಹೋಗುವಷ್ಟು ದೂರ ಟಾಯರನ್ನು ಅಡ್ಡಕ್ಕೆ ಉಜ್ಜಿದ ಹಾಗೆ. ಯಾವ ಟಾಯರ್ ಉಳಿಯುತ್ತದೆ?

ಕ್ಯಾಂಬರ್ ಒಂದು ಡಿಗ್ರಿ, ಒಂದೂವರೆ ಡಿಗ್ರಿ ನೆಗೆಟಿವ್ ಇದ್ದು ಟೋ ಸರಿ ಇದ್ದರೆ ಟಾಯರ್ ಚೆನ್ನಾಗಿಯೇ ಬಾಳುತ್ತದೆ. ಒಳಮಗ್ಗುಲು ಸ್ವಲ್ಪ ಬೇಗ ಸವೆಯುತ್ತದೆ, ಅಷ್ಟೇ. ಎರಡೂ ಸೇರಿದಾಗ ಕಥೆ ಮುಗಿಯಿತು. ಕ್ಯಾಂಬರ್‌ನಿಂದ ಭಾರ ಒಳಅಂಚಿನ ಮೇಲೆ ಬೀಳುತ್ತದೆ, ಟೋ ಅದೇ ಅಂಚನ್ನು ಅರದಿಂದ ಉಜ್ಜಿದ ಹಾಗೆ ಉಜ್ಜುತ್ತದೆ.

ನನ್ನದು ಹಾಗೇ ಆದದ್ದು. ಹೊರಗಿನಿಂದ ನೋಡಿದರೆ ಟಾಯರ್ ಹೊಸದರ ಹಾಗೇ ಇತ್ತು, ಗೆರೆ ಎಲ್ಲ ಆಳ. ಪಂಕ್ಚರ್ ತೆಗೆಸಲು ಹೋದಾಗ ಅಂಗಡಿಯ ಕಾಕಾ ಗಾಲಿ ಬಿಚ್ಚಿ ತಿರುಗಿಸಿ ಇಟ್ಟರು. "ತಮ್ಮಾ, ಇಲ್ಲಿ ಕೈ ಹಾಕಿ ನೋಡು" ಅಂದರು. ಒಳಅಂಚಿನಲ್ಲಿ ರಬ್ಬರೇ ಇರಲಿಲ್ಲ. ಬೆರಳಿಗೆ ಸಣ್ಣ ತಂತಿ ಚುಚ್ಚಿತು. ಆ ಟಾಯರ್ ಮೇಲೆ ಹಿಂದಿನ ವಾರ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿ ಬಂದಿದ್ದೆ, ಮಳೆಯಲ್ಲಿ.

ಅದಕ್ಕೇ ಹೇಳೋದು, ತಿಂಗಳಿಗೊಮ್ಮೆ ಸ್ಟೇರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ಟಾಯರ್ ಒಳಮಗ್ಗುಲು ನೋಡಿ. ಹಾಗೇ ಅಂಗೈಯಿಂದ ಟಾಯರ್ ಮೇಲೆ ಅಡ್ಡಕ್ಕೆ ಒಮ್ಮೆ ಒಳಗಿನಿಂದ ಹೊರಗೆ, ಒಮ್ಮೆ ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತಡೆದರೆ ಟೋ ತಪ್ಪಿದೆ ಅಂತಲೇ ಅರ್ಥ. ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ.

ಹೊಸ ಸ್ಪ್ರಿಂಗ್ ದುಬಾರಿ. ಇರೋದನ್ನೇ ಒಂದು ಸುತ್ತು ಕಟ್ ಮಾಡಿಸಿದ್ರೆ?

ಮಾಡಬೇಡಿ. ನಾನು ಮಾಡಿಸಿದ್ದು ಅದನ್ನೇ. ಒಂದು ಗ್ಯಾರೇಜ್‌ನಲ್ಲಿ ಗ್ರೈಂಡರ್ ಹಿಡಿದು ಹತ್ತು ನಿಮಿಷದಲ್ಲಿ ಮುಗಿಸಿಕೊಟ್ಟರು. ಅಲೈನ್‌ಮೆಂಟ್ ಅನ್ನುವ ಮಾತೇ ಬರಲಿಲ್ಲ. ನಾನೂ ಕೇಳಲಿಲ್ಲ.

ಸ್ಪ್ರಿಂಗ್‌ನ ತುದಿ ಕೆಳಗಿನ ಬಟ್ಟಲಲ್ಲಿ ಸರಿಯಾಗಿ ಕೂರುವ ಹಾಗೆ ಮಾಡಿರುತ್ತಾರೆ. ಕತ್ತರಿಸಿದ ತುದಿ ಕೂರುವುದಿಲ್ಲ. ಗಾಲಿ ತಗ್ಗಿಗೆ ಬಿದ್ದು ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲ ಆಗಿ ಟಕ್ ಟಕ್ ಅನ್ನುತ್ತದೆ. ಜಾಗ ಬಿಟ್ಟು ಸರಿಯಲೂಬಹುದು. ಸುತ್ತು ಕಡಿಮೆ ಆದಷ್ಟೂ ಸ್ಪ್ರಿಂಗ್ ಗಡಸು ಆಗುತ್ತದೆ, ಆದರೆ ಶಾಕ್ ಅಬ್ಸಾರ್ಬರ್ ಹಳೆಯದೇ. ಅದು ಆ ನೆಗೆತವನ್ನು ಹಿಡಿಯಲಾರದು.

ಗ್ಯಾಸ್ ಕಟರ್‌ನಿಂದ ಕಾಯಿಸಿ ಕೂರಿಸುವವರೂ ಇದ್ದಾರೆ. ಲೋಹದ ಕೆಲಸ ಮಾಡುವವನಾಗಿ ಹೇಳುತ್ತೇನೆ, ಸ್ಪ್ರಿಂಗ್ ಸ್ಟೀಲ್‌ಗೆ ಜೀವ ಇರುವುದೇ ಅದರ ಹದದಲ್ಲಿ. ಕೆಂಪಗೆ ಕಾಯಿಸಿದ ಕ್ಷಣ ಆ ಹದ ಹೋಯಿತು. ಆಮೇಲೆ ಅದು ಬಗ್ಗುತ್ತದೆ, ಇಲ್ಲವೇ ಮುರಿಯುತ್ತದೆ.

ಕಾಯ್ಲ್‌ಓವರ್ ಹಾಕಿದ್ರೆ ಈ ತಲೆನೋವು ಇಲ್ಲ ಅಂತಾರೆ?

ಕಾಯ್ಲ್‌ಓವರ್ ಅಂದರೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಜೋಡಿಯಾಗಿ ಬರುವುದು. ಥ್ರೆಡ್ ತಿರುಗಿಸಿ ಎತ್ತರ ಬೇಕಾದ ಹಾಗೆ ಹೊಂದಿಸಬಹುದು, ಶಾಕ್ ಅಬ್ಸಾರ್ಬರ್ ಆ ಸ್ಪ್ರಿಂಗ್‌ಗೇ ಮಾಡಿದ್ದಿರುತ್ತದೆ. ಅದು ಲಾಭ. ಆದರೆ ಆರ್ಮ್ ತಿರುಗುವ ಕಮಾನು ಅದೇ. ಎತ್ತರ ಒಂದು ಸುತ್ತು ತಿರುಗಿಸಿದರೂ ಟೋ ಮತ್ತೆ ನೋಡಲೇಬೇಕು. ಇನ್ನು ನಮ್ಮ ಕಡೆಯ ಮಳೆ, ಕೆಂಪು ರಾಡಿ. ತೊಳೆದು ಗ್ರೀಸ್ ಹಚ್ಚದಿದ್ದರೆ ಎರಡು ಮಳೆಗಾಲದಲ್ಲಿ ಆ ಥ್ರೆಡ್ ಹಿಡಿದುಕೊಂಡುಬಿಡುತ್ತದೆ.

ಅಲೈನ್‌ಮೆಂಟ್ ಯಾವಾಗ ಮಾಡಿಸಬೇಕು? ಏನಂತ ಹೇಳಿ ಮಾಡಿಸಬೇಕು?

ಎರಡು ಸಲ. ಸ್ಪ್ರಿಂಗ್ ಹಾಕಿದ ದಿನವೇ ಒಮ್ಮೆ. 300ರಿಂದ 500 ಕಿ.ಮೀ. ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಇನ್ನೊಮ್ಮೆ. "ಕೂತ ಮೇಲೆ ಒಂದೇ ಸಲ ಮಾಡ್ಸೋಣ" ಅಂತ ದುಡ್ಡು ಉಳಿಸಲು ಹೋಗಬೇಡಿ. ಟೋ ಜಾಸ್ತಿ ತಪ್ಪಿದ್ದರೆ ಆ 500 ಕಿ.ಮೀ.ನಲ್ಲೇ ಟಾಯರ್‌ಗೆ ಪೆಟ್ಟು ಬೀಳುತ್ತದೆ.

ಹೋಗುವ ಮೊದಲು ನಾಲ್ಕೂ ಟಾಯರ್ ಗಾಳಿ ಸರಿ ಮಾಡಿ. ಡಿಕ್ಕಿ ಖಾಲಿ ಮಾಡಿ. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಬುಶ್ (ಕೀಲಿನ ರಬ್ಬರ್) ಸಡಿಲ ಇದ್ದರೆ ಮೊದಲು ಅದನ್ನು ಬದಲಿಸಿ. ಸಡಿಲ ಇರುವ ಗಾಡಿಗೆ ಅಲೈನ್‌ಮೆಂಟ್ ಮಾಡುವುದು ಅಲ್ಲಾಡುವ ಜಾಬ್ ಅಳೆದ ಹಾಗೆ. ರೀಡಿಂಗ್ ಬರುತ್ತದೆ, ಅರ್ಥ ಇರುವುದಿಲ್ಲ.

ಹೆಚ್ಚಿನ ಕಡೆ ಬರೀ ಮುಂದಿನ ಟೋ ಹೊಂದಿಸಿ "ಆಯ್ತ್ರಿ" ಅಂತಾರೆ. ನೀವು ಮೊದಲಿನ ಮತ್ತು ನಂತರದ ಎರಡೂ ಪ್ರಿಂಟ್ ಕೇಳಿ. ಕ್ಯಾಂಬರ್ ಹೊಂದಿಸುವುದಿದ್ದರೆ ಅದು ಮೊದಲು, ಟೋ ಕೊನೆಗೆ. ಕ್ಯಾಂಬರ್ ಮುಟ್ಟಿದರೆ ಟೋ ಬದಲಾಗುತ್ತದೆ. ಈ ಕ್ರಮ ತಪ್ಪಿದರೆ ಮಾಡಿದ್ದೆಲ್ಲ ದಂಡ.

ಇನ್ನೊಂದು, ಇದು ಅಲೈನ್‌ಮೆಂಟ್ ಅಂಗಡಿಯವರ ಕೆಲಸ ಅಲ್ಲ, ಸ್ಪ್ರಿಂಗ್ ಹಾಕುವವರದ್ದು. ಲೋವರ್ ಆರ್ಮ್ ಬುಶ್ ಬೋಲ್ಟ್ ಸಡಿಲ ಮಾಡಿದ್ದರೆ, ಗಾಡಿ ಗಾಲಿ ಮೇಲೆ ನಿಂತು ಭಾರ ಬಿದ್ದಾಗಲೇ ಬಿಗಿಮಾಡಬೇಕು. ಜಾಕ್ ಮೇಲೆ ಗಾಲಿ ಜೋತಾಡುವಾಗ ಬಿಗಿಮಾಡಿದರೆ, ಇಳಿಸಿದ ಕೂಡಲೇ ಬುಶ್‌ನ ರಬ್ಬರ್ ತಿರುಚಿಕೊಂಡು ಕೂರುತ್ತದೆ. ಬೇಗ ಹರಿಯುತ್ತದೆ.

ಮಷಿನ್ ಮೇಲೆ ಕ್ಯಾಂಬರ್ ಕೆಂಪು ಬಣ್ಣದಲ್ಲಿ ತೋರಿಸ್ತು. "ಇದಕ್ಕೆ ಅಡ್ಜಸ್ಟ್‌ಮೆಂಟ್ ಇಲ್ಲ" ಅಂದ್ರು. ಸುಳ್ಳಾ?

ಅರ್ಧ ನಿಜ. ನಮ್ಮ ಸಣ್ಣ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಮುಂದಿನ ಕ್ಯಾಂಬರ್ ಹೊಂದಿಸಲು ಕಂಪನಿ ಏನೂ ಕೊಟ್ಟಿರುವುದಿಲ್ಲ. ಆದರೆ ಕ್ಯಾಂಬರ್ ಬೋಲ್ಟ್ ಅಂತ ಸಿಗುತ್ತದೆ. ಶಾಕ್ ಅಬ್ಸಾರ್ಬರ್ ಕೆಳಗಿನ ಎರಡು ಬೋಲ್ಟ್‌ಗಳಲ್ಲಿ ಒಂದರ ಜಾಗಕ್ಕೆ ಹಾಕುವುದು. ಅದರ ನಡು ಸ್ವಲ್ಪ ಸಣ್ಣ, ಒಂದು ಕಡೆ ಉಬ್ಬು. ತಿರುಗಿಸಿದರೆ ಗಾಲಿ ವಾಲುತ್ತದೆ. ಒಂದು ಡಿಗ್ರಿ, ಅದಕ್ಕಿಂತ ತುಸು ಜಾಸ್ತಿಯೂ ಹೊಂದಿಸಬಹುದು. ಒಳ್ಳೆಯ ಗುಣಮಟ್ಟದ್ದೇ ತನ್ನಿ, ಹೇಳಿದಷ್ಟೇ ಟಾರ್ಕ್‌ನಲ್ಲಿ ಬಿಗಿಮಾಡಿ.

30 ಮಿ.ಮೀ. ಇಳಿಸಿದರೆ ಮುಂದೆ ಸಾಮಾನ್ಯವಾಗಿ ಅರ್ಧದಿಂದ ಒಂದು ಡಿಗ್ರಿ ಬದಲಾಗುತ್ತದೆ. ಇಷ್ಟಕ್ಕೆ ಬೋಲ್ಟ್ ಬೇಕೇ ಬೇಕು ಅಂತಿಲ್ಲ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಅರ್ಧ ಡಿಗ್ರಿಗಿಂತ ಜಾಸ್ತಿ ಇದ್ದರೆ ಮಾತ್ರ ಬಿಡಬೇಡಿ, ಗಾಡಿ ಒಂದು ಕಡೆ ಎಳೆಯುತ್ತದೆ.

ಹಿಂದಿನ ಗಾಲಿಗೆ?

ಸ್ವಿಫ್ಟ್, ಐ20, ಪೋಲೋ ಇವೆಲ್ಲದಕ್ಕೂ ಹಿಂದೆ ಟ್ವಿಸ್ಟ್ ಬೀಮ್, ಅಂದರೆ ಎರಡೂ ಹಿಂದಿನ ಗಾಲಿ ಕೂಡಿಸುವ ಒಂದೇ ಅಡ್ಡತೊಲೆ. ಇಡೀ ಬೀಮ್ ಒಟ್ಟಿಗೆ ಮೇಲೇಳುವುದರಿಂದ ಇಳಿಸಿದರೂ ಕ್ಯಾಂಬರ್ ಹೆಚ್ಚು ಬದಲಾಗುವುದಿಲ್ಲ. ಹೊಂದಿಸುವ ಬೋಲ್ಟ್ ಕೂಡ ಇಲ್ಲ. ಹಿಂದೆ ಟಾಯರ್ ಒಂದೇ ಮಗ್ಗುಲು ಸವೆಯುತ್ತಿದ್ದರೆ, ಮೊದಲು ಬೀಮ್ ಬಗ್ಗಿದೆಯಾ ನೋಡಿಸಿ.

ಮನೆಯಲ್ಲೇ ಟೋ ನೋಡಬಹುದಾ?

ನೋಡಬಹುದು. ನಾನು ನೋಡುತ್ತೇನೆ. ಸಮತಟ್ಟಾದ ನೆಲ ಬೇಕು, ಇನ್ನೊಬ್ಬರು ಬೇಕು, ಒಂದು ಟೇಪ್. ಸ್ಟೇರಿಂಗ್ ನೆಟ್ಟಗೆ ಇಟ್ಟು ಗಾಡಿಯನ್ನು ಕೈಯಿಂದ ಒಂದೆರಡು ಮೀಟರ್ ಮುಂದಕ್ಕೆ ದೂಡಿ ನಿಲ್ಲಿಸಿ. ಎರಡೂ ಮುಂದಿನ ಟಾಯರ್‌ನ ಒಂದೇ ಗೆರೆಯ ಮೇಲೆ, ಗಾಲಿಯ ನಡುಮಟ್ಟದ ಎತ್ತರದಲ್ಲಿ, ಮುಂಭಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ ದೂರ ಅಳೆಯಿರಿ. ಗಾಡಿ ಮುಂದೆ ದೂಡಿ ಅದೇ ಗುರುತು ಹಿಂಭಾಗಕ್ಕೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಮುಂದೆ ಕಡಿಮೆ ಬಂದರೆ ಟೋ ಇನ್, ಜಾಸ್ತಿ ಬಂದರೆ ಟೋ ಔಟ್. ಇದು ಅಂಗಡಿಗೆ ಹೋಗಬೇಕಾ ಬೇಡ್ವಾ ಅಂತ ತಿಳಿಯೋದಕ್ಕೆ. ಹೊಂದಿಸಲು ಮಷಿನ್ನೇ ಬೇಕು.

ರಿಮ್ ಅಗಲ, ಇಟಿ ಅಂತಾರಲ್ಲ, ಅದರ ಲೆಕ್ಕ ಹೇಗೆ?

ಇಟಿ ಅಂದರೆ ರಿಮ್‌ನ ನಟ್ಟನಡು ಗೆರೆಯಿಂದ ಅದು ಹಬ್‌ಗೆ, ಅಂದರೆ ಗಾಲಿ ಕೂಡಿಸುವ ನಡುಭಾಗಕ್ಕೆ, ಕೂರುವ ಮುಖ ಎಷ್ಟು ಮಿ.ಮೀ. ಹೊರಗಿದೆ ಅನ್ನೋ ಅಂಕಿ. ರಿಮ್ ಮೇಲೆಯೇ ಬರೆದಿರುತ್ತದೆ. ಅಂಕಿ ಕಡಿಮೆ ಆದಷ್ಟೂ ಗಾಲಿ ಹೊರಗೆ ಬರುತ್ತದೆ.

ಒಂದು ಉದಾಹರಣೆ. ಈಗ ಇರುವುದು 6ಜೆ (6 ಇಂಚು ಅಗಲ), ಇಟಿ 45. ತಗೊಳ್ಳಬೇಕು ಅಂತಿರೋದು 7ಜೆ, ಇಟಿ 38. ಒಂದು ಇಂಚು ಅಗಲ ಜಾಸ್ತಿ, ಅಂದರೆ ಒಂದೊಂದು ಕಡೆ 12.7 ಮಿ.ಮೀ. ಇಟಿ 7 ಕಡಿಮೆ, ಅಂದರೆ ಇಡೀ ರಿಮ್ 7 ಮಿ.ಮೀ. ಹೊರಗೆ. ಹೊರಗಡೆ 12.7 ಕೂಡಿಸು 7, ಒಟ್ಟು 19.7 ಮಿ.ಮೀ. ಫೆಂಡರ್ ಕಡೆಗೆ ಬಂತು. ಒಳಗಡೆ 12.7 ಕಳೆ 7, ಬರೀ 5.7 ಮಿ.ಮೀ. ಶಾಕ್ ಅಬ್ಸಾರ್ಬರ್ ಹತ್ತಿರ ಹೋಯಿತು. ರಿಮ್ ಕೊಳ್ಳುವ ಮೊದಲು ಈ ಎರಡು ಸಂದು ನಿಮ್ಮ ಗಾಡಿಯಲ್ಲಿ ಎಷ್ಟಿದೆ ಅಂತ ಅಳೆದು ನೋಡಿ. ಇಳಿಸಿದ ಗಾಡಿಯಲ್ಲಿ ಆ 19.7 ಮಿ.ಮೀ. ತುಂಬಾ ದೊಡ್ಡದು.

ಟಾಯರ್ ವ್ಯಾಸ ಮೊದಲಿನಷ್ಟೇ ಇರಲಿ. 185/65 ಆರ್15 ಟಾಯರ್ 621.5 ಮಿ.ಮೀ., 195/55 ಆರ್16 ಟಾಯರ್ 620.9 ಮಿ.ಮೀ. ಹೆಚ್ಚುಕಮ್ಮಿ ಒಂದೇ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳಲ್ಲ.

4×100 ರಿಮ್ ಅಂದ್ರೆ ಎಲ್ಲ 4×100 ಗಾಡಿಗೂ ಕೂರುತ್ತಲ್ವಾ?

4×100 ಅಂದರೆ ನಾಲ್ಕು ಬೋಲ್ಟ್ ತೂತು, ಅವು 100 ಮಿ.ಮೀ. ವ್ಯಾಸದ ವೃತ್ತದ ಮೇಲೆ. ಆ ತೂತು ಹೊಂದುತ್ತದೆ. ಅಷ್ಟು ಸಾಲದು. ಸ್ವಿಫ್ಟ್, ಐ20 ಎರಡೂ 4×100, ನಡುವಿನ ತೂತು ಎರಡಕ್ಕೂ 54.1 ಮಿ.ಮೀ. ಆದರೆ ಸ್ವಿಫ್ಟ್ ನಟ್‌ನ ಥ್ರೆಡ್ 1.25 ಪಿಚ್ (ಒಂದು ಸುತ್ತಿಗೆ 1.25 ಮಿ.ಮೀ. ಮುಂದೆ), ಐ20ಯದ್ದು 1.5. ಗೆಳೆಯನ ರಿಮ್ ಜೊತೆ ಅವನ ನಟ್ಟೂ ತಂದು ಗನ್‌ನಿಂದ (ನಟ್ ಬಿಗಿಯುವ ಮಷಿನ್) ಬಿಗಿದರೆ ಸ್ಟಡ್ ಹಾಳು. ಪೋಲೋ ಅಂತೂ 5×100, 57.1 ಮಿ.ಮೀ. ಹೊರಗಿನ ಅಲಾಯ್‌ಗಳ ನಡುತೂತು ದೊಡ್ಡದಿರುತ್ತದೆ. ಆ ಸಂದು ತುಂಬುವ, ಅಳತೆಗೆ ಸರಿಯಾದ ಹಬ್ ರಿಂಗ್ ಹಾಕಿ, ಇಲ್ಲದಿದ್ದರೆ ನಡುಕ.

ಸ್ಪೇಸರ್?

ಗಾಲಿ ಹೊರಗೆ ತರಲು ಹಬ್‌ಗೂ ರಿಮ್‌ಗೂ ನಡುವೆ ಹಾಕುವ ಬಿಲ್ಲೆ ಅದು. ನನಗೆ ಇಷ್ಟ ಇಲ್ಲ. ಸ್ಪೇಸರ್ ಎಷ್ಟು ದಪ್ಪವೋ ನಟ್ ಅಷ್ಟು ಕಡಿಮೆ ಥ್ರೆಡ್ ಹಿಡಿಯುತ್ತದೆ. 12 ಮಿ.ಮೀ. ಸ್ಟಡ್‌ಗೆ ಕನಿಷ್ಠ 12 ಮಿ.ಮೀ. ಥ್ರೆಡ್ ಹಿಡಿದಿರಬೇಕು. 1.25 ಪಿಚ್‌ಗೆ ಅದು ಒಂಬತ್ತೂವರೆ ಸುತ್ತು. ಗನ್ ಹಚ್ಚದೆ ಕೈಯಿಂದ ತಿರುಗಿಸಿ ಸುತ್ತು ಎಣಿಸಿ. ನಾಲ್ಕೈದಕ್ಕೇ ನಿಂತರೆ ಆ ಗಾಡಿ ರಸ್ತೆಗೆ ತರಬೇಡಿ.

ಟಾಯರ್ ಎಲ್ಲೋ ತಾಗುತ್ತಿದೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ.

ಫೆಂಡರ್ ಒಳಅಂಚಿಗೂ ಲೈನರ್‌ಗೂ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಹಿಂದೆ ಮೂವರನ್ನು ಕೂರಿಸಿ. ಯಾರಾದರೂ ದಪ್ಪ ಗೆಳೆಯ ಇದ್ದರೆ ಅವನಿಗೆ ಇಂಥ ಕೆಲಸಕ್ಕೆ ಬೆಲೆ. ಹಂಪ್ ಮೇಲೆ ನಿಧಾನಕ್ಕೆ ಹೋಗಿ, ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆ ಸುತ್ತು ಹಾಕಿ. ಇಳಿದು ನೋಡಿದರೆ ಸುಣ್ಣ ಅಳಿಸಿದ ಜಾಗವೇ ಉತ್ತರ. ಹಿಂದಿನ ಫೆಂಡರ್ ಅಂಚು ಮಡಚಿಸುವುದಾದರೆ ಬಣ್ಣ ಬೆಚ್ಚಗೆ ಕಾಯಿಸಿ ಮಡಚಬೇಕು. ಬಿರುಕು ಬಿಟ್ಟರೆ ಬೆಳಗಾವಿ ಮಳೆಗೆ ತುಕ್ಕು ಗ್ಯಾರಂಟಿ.

ಅಲೈನ್‌ಮೆಂಟ್ ಮಾಡ್ಸಿದ್ರೂ 80 ದಾಟಿದ್ರೆ ಸ್ಟೇರಿಂಗ್ ನಡುಗುತ್ತೆ.

ನಡುಕ ಬ್ಯಾಲೆನ್ಸಿಂಗ್ ದೋಷ, ಎಳೆತ ಅಲೈನ್‌ಮೆಂಟ್ ದೋಷ. ಹೆಚ್ಚಿನ ಸಲ ಹೀಗೇ. ಬೈಲಹೊಂಗಲ, ಸವದತ್ತಿ ಕಡೆ ಹೊಲದ ದಾರಿಯಲ್ಲಿ ಹೋಗಿ ಬಂದಿದ್ದೀರಾ? ಎರಿ ಮಣ್ಣು ರಿಮ್ ಒಳಗೆ ಒಂದು ಕಡೆ ಅಂಟಿ ಒಣಗಿರುತ್ತದೆ. ಸಿಮೆಂಟಿನ ಹಾಗೆ. ಮೊದಲು ಒಳಗಡೆ ನೀರು ಹೊಡೆದು ತೊಳೆಯಿರಿ. ಒಬ್ಬ ಗೆಳೆಯ ಇದಕ್ಕೆ ಎರಡು ಸಲ ಅಲೈನ್‌ಮೆಂಟ್ ಮಾಡಿಸಿದ್ದ.

ಹೆಡ್‌ಲೈಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಮುಂದೆ ಜಾಸ್ತಿ ಇಳಿದರೆ ಬೆಳಕು ಹತ್ತಿರವೇ ಬೀಳುತ್ತದೆ, ಹಿಂದೆ ಜಾಸ್ತಿ ಇಳಿದರೆ ಎದುರಿನವರ ಕಣ್ಣಿಗೆ. ರಾತ್ರಿ ಹಿಂದೆ ಲೈಟೇ ಇಲ್ಲದ ಕಬ್ಬಿನ ಟ್ರೇಲರ್ ಎದುರಾಗುವ ಊರಲ್ಲಿ ಇದನ್ನು ಬಿಡಬೇಡಿ.

ಇಳಿಸಿದ್ರೆ ತಿರುವಿನಲ್ಲಿ ಗಾಡಿ ಗಟ್ಟಿ ಹಿಡಿಯುತ್ತೆ ಅಂತಾರಲ್ಲ?

ಸ್ವಲ್ಪ ಇಳಿಸಿದರೆ ಹೌದು. ಜಾಸ್ತಿ ಇಳಿಸಿದರೆ ಉಲ್ಟಾ. ಆರ್ಮ್ ಮಟ್ಟಸ ದಾಟಿ ಮೇಲಕ್ಕೆ ಓರೆಯಾದರೆ, ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು ಗಾಡಿಯ ಭಾರದ ಕೇಂದ್ರ ಇಳಿದದ್ದಕ್ಕಿಂತ ಜಾಸ್ತಿ ಕೆಳಗೆ ಹೋಗುತ್ತದೆ. ಆಗ ಗಾಡಿಗೆ ವಾಲುವ ಚಪಲ ಹೆಚ್ಚುತ್ತದೆ, ಗಡಸು ಸ್ಪ್ರಿಂಗ್ ಅದನ್ನು ಬರೀ ಮುಚ್ಚಿಡುತ್ತದೆ. ತಿರುವಿನಲ್ಲಿ ಸಿಗಬೇಕಾದ ಕ್ಯಾಂಬರ್ ಕೂಡ ಸಿಗುವುದಿಲ್ಲ. ಸ್ಪ್ರಿಂಗ್ ಓಡಾಟಕ್ಕೆ ಜಾಗ ಇಲ್ಲದೆ ಬಂಪ್ ಸ್ಟಾಪ್ (ಕೊನೆಗೆ ತಡೆಯುವ ರಬ್ಬರ್) ಮೇಲೇ ಕೂತಿದ್ದರೆ, ವಂಟಮುರಿ ಘಾಟ್ ತಿರುವಿನಲ್ಲಿ ಒಂದು ಸಣ್ಣ ತಗ್ಗು ಸಾಕು, ಟಾಯರ್ ನೆಲ ಬಿಟ್ಟು ಜಿಗಿಯುತ್ತದೆ.

ಆರ್‌ಟಿಒ ಹಿಡಿಯುತ್ತಾರಾ? ಇನ್ಶೂರೆನ್ಸ್?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷ ಬಂದ ತಿದ್ದುಪಡಿಯ 182ಎ ಕಲಂನಲ್ಲಿ, ಕಾಯ್ದೆ ಒಪ್ಪದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹಾಗಾಗಿ ಕೆಲಸ ಶುರು ಮಾಡುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಅದು ಕೆಎ 22 ಇರಲಿ, 23 ಇರಲಿ, 49 ಇರಲಿ. ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿ. ಮುಚ್ಚಿಟ್ಟರೆ ಕ್ಲೇಮ್ ಹೊತ್ತಿಗೆ ತಕರಾರು ಏಳುತ್ತದೆ. ವಾರಂಟಿ ಇನ್ನೂ ಇದ್ದರೆ ಸಸ್ಪೆನ್ಷನ್ ಕಡೆಯದ್ದು ಹೋಯಿತು ಅಂತಲೇ ತಿಳಿಯಿರಿ.

ಬೇಡ ಅನಿಸಿದ್ರೆ ಮತ್ತೆ ಮೊದಲಿನ ಹಾಗೆ ಮಾಡಬಹುದಾ?

ಹಳೆಯ ಸ್ಪ್ರಿಂಗ್ ಎತ್ತಿಟ್ಟಿದ್ದರೆ ಒಂದು ಮಧ್ಯಾಹ್ನದ ಕೆಲಸ. ಎಣ್ಣೆ ಒರೆಸಿ, ಎಡ ಬಲ ಅಂತ ಗುರುತು ಬರೆದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಗುಜರಿಗೆ ಹಾಕಬೇಡಿ. ಮತ್ತೆ ಹಾಕಿದಾಗಲೂ ಅಲೈನ್‌ಮೆಂಟ್ ಬೇಕು, ಅದು ಬೇರೆ ಮಾತು. ನನ್ನವು ಕತ್ತರಿಸಿದ ಸ್ಪ್ರಿಂಗ್ ಆದ್ದರಿಂದ ನಾಲ್ಕೂ ಹೊಸದು ಕೊಂಡೆ. ಕತ್ತರಿಸಿದ ಆ ಒಂದು ಸುತ್ತು ಈಗಲೂ ನನ್ನ ಲೇತ್ ಪಕ್ಕದ ಮೊಳೆಗೆ ನೇತಾಡುತ್ತಿದೆ. ಅದಕ್ಕೆ ಕೈ ಒರೆಸುವ ಬಟ್ಟೆ ಸಿಕ್ಕಿಸುತ್ತೇನೆ.